ಅಳಿಸದ ದನಿ
ನಮ್ಮ ಮಹಡಿಯ ಮೇಲಿನ ಕೀಬೋರ್ಡ್ ನುಡಿಸುವ ಮೇಷ್ಟ್ರು, ಕಂಪನಿಯವರು ಅದರಲ್ಲಿ ತುಂಬಿ ಕಳಿಸಿದ ದನಿಗಳೆಂದರೆ ಮೂಗು ಮುರಿಯುತ್ತಾರೆ. ಕೊಳಲಿಗೆ ಚೂರು ಉಸಿರು, ಪಿಟೀಲಿಗೆ ಚೂರು ನಡುಕ ಬೆರೆಸಿ ತಾವೇ ಹೊಸ ದನಿ ಮಾಡಿ, ‘ನೆಗಡಿ ಕೊಳಲು’, ‘ಅತ್ತೆ ಮುನಿಸು’ ಎಂದು ಹೆಸರಿಟ್ಟು ಸೇವ್ ಮಾಡುತ್ತಾರೆ. ಜಾಗ ತುಂಬಿದಾಗ ಯಂತ್ರ ಹಳೆಯದನ್ನು ಅಳಿಸಲೇ ಎಂದು ಕೇಳುತ್ತದೆ. “ಅಳಿಸಪ್ಪಾ, ನಾಳೆ ಇನ್ನೊಂದು ಹುಟ್ಟುತ್ತೆ” ಎಂದು ಗುಂಡಿ ಒತ್ತಿಬಿಡುತ್ತಾರೆ. “ಅಯ್ಯೋ, ಅದು ಚೆನ್ನಾಗಿತ್ತಲ್ರೀ!” ಎಂದು ಹೆಂಡತಿ ಅಡುಗೆಮನೆಯಿಂದ ಕೂಗುವಷ್ಟರಲ್ಲಿ ಅದು ಮಾಯ. ‘ಪುಟ್ಟಿ’ ಎಂಬ ಒಂದನ್ನು ಮಾತ್ರ ಮುಟ್ಟುವುದಿಲ್ಲ. ಅದರಲ್ಲಿ ಇಂಪಿಲ್ಲ, ಬರೀ ಗುಡುಗು. ಕೆಳಗೆ ನಮ್ಮ ಪಾತ್ರೆಗಳೆಲ್ಲ ಅದುರುತ್ತವೆ. “ಇದೂ ಒಂದು ದನಿಯಾ ಮೇಷ್ಟ್ರೇ?” ಎಂದು ಕೇಳಿಯೇ ಬಿಡೋಣವೆಂದು ಒಮ್ಮೆ ಸಿಟ್ಟಿನಿಂದ ಮೆಟ್ಟಿಲು ಹತ್ತಿದೆ. ಕಿವಿ ಕೇಳದ ಅವರ ಮಗಳು ಸ್ಪೀಕರಿಗೆ ಕೆನ್ನೆಯೊತ್ತಿ ಕೂತು, ನಗುತ್ತಾ ತಾಳ ಹಾಕುತ್ತಿದ್ದಳು.