ಎರಡೂ ಕಡೆಯ ಪ್ರೇಕ್ಷಕ

ದುಬೈಯಲ್ಲಿ ನನ್ನ ಕೆಲಸ ಸಭೆಗಳ ಖಾಲಿ ಕುರ್ಚಿ ತುಂಬಿಸುವುದು. ಪರಸ್ಪರ ಯುದ್ಧದಲ್ಲಿರುವ ಎರಡು ದೇಶಗಳು ಒಂದೇ ಹೋಟೆಲಿನಲ್ಲಿ, ಒಂದರ ಮರುದಿನ ಇನ್ನೊಂದು, ಸಾಂಸ್ಕೃತಿಕ ಸಂಜೆ ಇಟ್ಟುಕೊಂಡವು. ಎರಡಕ್ಕೂ ಮುಹೈಸ್ನಾದ ಲೇಬರ್ ಕ್ಯಾಂಪಿನಿಂದ ಬಸ್ಸು ಕಳಿಸಿ ಅದೇ ಜನರನ್ನು ಕರೆಸಿದೆ. ಎರಡನೆಯ ದಿನ ಬೇರೆ ಶರ್ಟು ಹಾಕಿ ಬನ್ನಿ ಎಂದಿದ್ದೆ. ಬಂಟ್ವಾಳದ ವೆಲ್ಡರ್ ಹಮೀದಾಕ ಮಾತ್ರ, ಒಳ್ಳೆಯದು ಇರುವುದು ಇದೊಂದೇ ಎಂದರು.

ಎರಡನೆಯ ಸಂಜೆ ಸಾಕ್ಷ್ಯಚಿತ್ರ ಮುಗಿದ ಮೇಲೆ ಸಂಘಟಕಿ ಮೇಡಂ ಫೋನ್ ಹಿಡಿದು ಬಂದರು. ಅದರಲ್ಲಿ ಶತ್ರು ದೇಶದವರ ಜಾಲತಾಣದ ಪುಟ. 'ನಮ್ಮ ನೋವಿಗೆ ಮಿಡಿದ ದುಬೈ' ಎಂಬ ಸಾಲಿನ ಮೇಲೆ ಕಣ್ಣೊರೆಸಿಕೊಳ್ಳುತ್ತಿರುವ ಹಮೀದಾಕ, ಅದೇ ಹಸಿರು ಗೆರೆಯ ಶರ್ಟು.

"ಇವರು ಯಾರ ಕಡೆ?" ಎಂದು ನನ್ನನ್ನು ಕೇಳಿದರು.

ಫೋನಿನಲ್ಲಿ ತನ್ನ ಮುಖ ಕಂಡ ಹಮೀದಾಕನೇ ನನಗೆ ಹೇಳಿದರು, "ಮಾರಾಯ, ನಿನ್ನೆಯ ಪಿಚ್ಚರಿನಲ್ಲಿ ಮಗನ ಫೋಟೊ ಹಿಡಿದು ಒಬ್ಬಳು ತಾಯಿ ಕೂತಿದ್ದಳು. ಇವತ್ತಿನದರಲ್ಲೂ ಒಬ್ಬಳು. ಅಳು ಬಂತು, ನಾನೆಂತ ಮಾಡುವುದು?"

ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ಹಮೀದಾಕನ ಪಕ್ಕದಲ್ಲಿ ಕೂತು, ಸೇನೆಯ ಸಮವಸ್ತ್ರ ತೊಟ್ಟ ತನ್ನ ತಮ್ಮನ ಫೋಟೊ ತೋರಿಸಿದರು.

ಮರುದಿನ ಅವರ ದೇಶದ ಪುಟದಲ್ಲೂ ಹಮೀದಾಕ ಅಳುತ್ತಿದ್ದರು. ಎರಡೂ ಕಡೆಯವರು ಹಾಕಿದ್ದರಲ್ಲಿ ಸುಳ್ಳಿಲ್ಲದ್ದು ಆ ಅಳುವೊಂದೇ ಇರಬೇಕು. ಅದಕ್ಕೂ ಬಸ್ಸು ಕಳಿಸಿದ್ದು ನಾನೇ.