ಐದು ಪೆಟ್ಟಿಗೆಗೆ ಒಂದೇ ವಿಳಾಸ

ಇವತ್ತು ಬೆಳಿಗ್ಗೆ ಲ್ಯಾಬಿನ ಮೂಲೆಯ ಕಬ್ಬಿಣದ ಬೀರು ತೆಗೆದಾಗ ಬಿಸಿಯಾದ ದೂಳಿನ ವಾಸನೆ ಮುಖಕ್ಕೆ ಬಡಿಯಿತು. ನೀವಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನನಗೆ ಮಾತ್ರ ಮಾದೇವಪ್ಪನವರು ನೆನಪಾದರು.

ತಿಪಟೂರಿನ ಹತ್ತಿರದ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಆ ಬೀರುವಿನಲ್ಲಿ ಐದು ಸ್ವಿಚ್‌ಗಳಿವೆ. ದೀಪದ ಸ್ವಿಚ್ಚಲ್ಲ, ಎಲ್ಲ ಕಂಪ್ಯೂಟರುಗಳ ತಂತಿಗಳು ಬಂದು ಸೇರುವ ಚಪ್ಪಟೆ ಪೆಟ್ಟಿಗೆಗಳು. ಮದುವೆಯಾದ ಹೊಸತರಲ್ಲಿ ಅರಳಗುಪ್ಪೆಯ ನಮ್ಮತ್ತೆಗೆ ಇದನ್ನು ವಿವರಿಸಲು ಹೋಗಿ ಸೋತಿದ್ದೆ. "ಐದು ಸ್ವಿಚ್ ನೋಡ್ಕಳಕ್ಕೆ ಸಂಬ್ಳ ಕೊಡ್ತಾರಾ? ನಮ್ಮನೇಲೇ ಹನ್ನೆರಡವೆ ಕಣವ್ವ" ಎಂದಿದ್ದರು.

ಆಗ ಒಂದೊಂದು ಪೆಟ್ಟಿಗೆಗೂ ನೆಟ್‌ವರ್ಕಿನಲ್ಲಿ ಬೇರೆ ವಿಳಾಸ, ಬೇರೆ ಪಾಸ್‌ವರ್ಡ್. ಏನೇ ಬದಲಾಯಿಸಿದರೂ ಅದನ್ನೇ ಐದು ಸಲ ಟೈಪಿಸಬೇಕು. ನಾನು ಬಹಳ ಅಚ್ಚುಕಟ್ಟಿನವಳೆಂದು ನನ್ನದೇ ನಂಬಿಕೆ. ಒಂದು ಪರೀಕ್ಷೆಯ ದಿನ ನಾಲ್ಕು ಮುಗಿಸಿ, ಯಾರೋ ಕರೆದರೆಂದು ಎದ್ದು ಹೋಗಿ, ಐದನೆಯದನ್ನು ಮರೆತೇಬಿಟ್ಟೆ. ಹಿಂದಿನ ಸಾಲಿಗೆ ಪ್ರಶ್ನೆಪತ್ರಿಕೆ ತೆರೆಯಲೇ ಇಲ್ಲ. ಬಿಳಿಗೆರೆಯ ಹುಡುಗಿ ಶ್ರುತಿ ಕಣ್ಣು ತುಂಬಿಕೊಂಡು ಕೇಳಿದಳು, "ಮೇಡಂ, ನಾನೇನಾರ ತಪ್ಪು ಒತ್ಬುಟ್ನಾ?"

"ಇಲ್ಲ ಕಣಮ್ಮ, ಸಿಸ್ಟಮ್ ತೊಂದ್ರೆ" ಎಂದೆ. ಆ ಸಾಲಿನವರೆಲ್ಲ ಇನ್ನೊಂದು ದಿನ ಬಂದು ಪರೀಕ್ಷೆ ಬರೆದರು. ಮರೆತದ್ದು ನಾನೆಂದು ಮಾತ್ರ ಶ್ರುತಿಗೆ ಹೇಳಲಿಲ್ಲ.

ರಿಪೇರಿಗೆಂದು ಮಾದೇವಪ್ಪನವರು ಬಂದರು. ಹಿಂದೆ ಟೆಲಿಫೋನ್ ಲೈನ್‌ಮನ್ ಆಗಿದ್ದವರು. ವಯಸ್ಸಾದ ಮೇಲೆ ಈ ನೆಟ್‌ವರ್ಕ್ ಕೆಲಸ ಕಲಿತವರು. ಬೀರು ತೆಗೆದು, ದೂಳು ಊದಿ, "ಯಾವ್ದು ಮರ್ತ್ರಿ ಮೇಡಮ್ಮ?" ಎಂದರು. ಅವರಿಗೆ ನಿಜ ಹೇಳಿದೆ. ನಗಲಿಲ್ಲ. "ಮನ್ಸರು ಅಂದ್ಮೇಲೆ ಮರೀತಾರೆ ಬುಡಿ. ಐದ್ಸಲ ಹೇಳೋ ಹಂಗೇ ಇರಬಾರ್ದು. ಇವನ್ನ ಒಟ್ಟಿಗೆ ಸೇರುಸ್ಬೋದು, ಯಾರೂ ಸೇರ್ಸಿಲ್ಲ ಅಷ್ಟೇಯ."

ಗಿಡ್ಡನೆಯ ದಪ್ಪ ಕೇಬಲ್‌ಗಳನ್ನು ತರಿಸಿ ಹಿಂಬದಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಸಿಕ್ಕಿಸಿದರು. ಕೊನೆಯದರಿಂದ ಮತ್ತೆ ಮೊದಲನೆಯದಕ್ಕೆ. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಐದೂ ಒಂದೇ ಹೆಸರಿನಡಿ ಕಂಡವು. ಒಂದು ಸಲ ಹೇಳಿದರೆ ಸಾಕು, ಐದೂ ಕೇಳುತ್ತವೆ. ಮೇಲಿನದು ಯಜಮಾನ, ಅದು ಕೆಟ್ಟರೆ ಎರಡನೆಯದು ಕೆಲಸ ವಹಿಸಿಕೊಳ್ಳುತ್ತದೆ. ಯಜಮಾನನಿಗೆ ಆರೇ ಕಂಪ್ಯೂಟರ್ ಜೋಡಿಸಿ, ಅದು ಕೆಟ್ಟರೆ ಆ ಆರು ಜನ ಹೋಗಿ ಕೂರಲೆಂದು ಬೇರೆ ಪೆಟ್ಟಿಗೆಗಳಿಗೆ ಸೇರಿದ ಆರು ಕಂಪ್ಯೂಟರುಗಳ ಕುರ್ಚಿ ಖಾಲಿ ಬಿಡಿಸಿದರು. ನಾನು ತಲೆಯಾಡಿಸಿದೆ, ನಂಬಲಿಲ್ಲ.

ಮುಂದಿನ ಪರೀಕ್ಷೆಯ ನಡುವೆಯೇ ಮೇಲಿನ ಪೆಟ್ಟಿಗೆ ಟಪ್ಪೆಂದು ಆರಿಹೋಯಿತು. ನಾನು ಬೀರುವಿನತ್ತ ಓಡಿದೆ. ಆದರೆ ಲ್ಯಾಬಿನಲ್ಲಿ ಕೀಲಿಮಣೆಗಳ ಸದ್ದು ನಿಲ್ಲಲಿಲ್ಲ. ಆರೇ ಜನ ತಲೆಯೆತ್ತಿದರು. ಅವರಲ್ಲೊಬ್ಬಳು ಶ್ರುತಿ. "ಮೇಡಂ, ನಾನೇನೂ ಒತ್ತಿಲ್ಲ!"

"ನೀನಲ್ಲ ಕಣಮ್ಮ. ಅವತ್ತೂ ನೀನಲ್ಲ, ತಪ್ಪು ನಂದು. ಬಾ, ಈ ಕಡೆ ಕೂತ್ಕೊ."

ಆರೂ ಜನ ಖಾಲಿ ಕುರ್ಚಿಗಳಿಗೆ ಹೋದರು. ಬರೆದ ಉತ್ತರಗಳೆಲ್ಲ ಸರ್ವರಿನಲ್ಲಿ ಉಳಿದಿದ್ದರಿಂದ ಅಲ್ಲೂ ಹಾಗೇ ತೆರೆದವು. ಮುಗಿಸಿ ಹೊರಡುವಾಗ ಶ್ರುತಿ ನನ್ನ ಹತ್ತಿರ ಬಂದು, "ನಾನಿಷ್ಟು ದಿನ ನಂದೇ ತಪ್ಪು ಅನ್ಕಂಡಿದ್ದೆ ಮೇಡಂ" ಎಂದು ನಕ್ಕಳು. ಅವಳು ಹೋದ ಮೇಲೆ ಮೆಟ್ಟಿಲ ಮೇಲೆ ಕೂತು ಒಂದು ಚೊಂಬು ನೀರು ಕುಡಿದೆ. ಅಷ್ಟು ರುಚಿಯಾದ ನೀರನ್ನು ನಾನು ಕುಡಿದದ್ದಿಲ್ಲ.

ಮಾದೇವಪ್ಪನವರು ಈಗ ಕೆಲಸ ಬಿಟ್ಟು ಮಾಯಸಂದ್ರದಲ್ಲಿದ್ದಾರೆ. ಇಷ್ಟು ವರ್ಷ ಏನಾದರೂ ಕೆಟ್ಟಾಗ ಮಾತ್ರ ಅವರಿಗೆ ಫೋನ್ ಮಾಡಿದ್ದೆನೆಂದು ಇವತ್ತು ಹೊಳೆಯಿತು. ಬೀರು ಒರೆಸಿ, ಬಾಗಿಲು ಹಾಕಿ, ಫೋನ್ ಮಾಡಿದೆ.

"ಏನಾಯ್ತು ಮೇಡಮ್ಮ?" ದನಿಯಲ್ಲಿ ಗಾಬರಿ.

"ಏನೂ ಆಗಿಲ್ಲ ಮಾದೇವಪ್ಪನೋರೆ. ಸುಮ್ನೆ ಮಾಡ್ದೆ."

"ಹಂಗಾರೆ ಇರಿ, ಕುರ್ಚಿ ಎಳ್ಕಂಡು ಕೂತ್ಕತೀನಿ" ಎಂದರು.