ಸೀಲ್ ಬೀಳುವವರೆಗೂ ಕಾದ ಮಾವ

ಗೆಳೆಯರೇ, ಇಂಗ್ಲೆಂಡಿನಲ್ಲಿ ಸ್ಪೀಚ್ ಥೆರಪಿ ಓದಿ ಬಂದ ನನಗೆ ಇಲ್ಲಿ ಕೆಲಸ ಮಾಡುವ ಲೈಸೆನ್ಸ್ ಕೊನೆಗೂ ಇಂದು ಕೈಗೆ ಬಂತು.

ಸ್ಟ್ರೋಕ್ ಆದಮೇಲೆ ನಮ್ಮ ಮಾವನಿಗೆ ಮಾತು ತೊದಲುತ್ತದೆ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಬೇರೆ ಥೆರಪಿಸ್ಟ್ ಹತ್ತಿರ ಹೋಗೋಣ ಎಂದರೆ, "ಮನೇಲಿ ನೀನೇ ಇದೀಯಲ್ಲಮ್ಮ" ಅನ್ನುತ್ತಿದ್ದರು. ಸರಿ, ನಾನೇ ಶುರು ಮಾಡುತ್ತೇನೆ ಎಂದರೆ, "ಸೀಲ್ ಬೀಳ್ದೆ ಮಾಲು ಗೇಟ್ ದಾಟಲ್ಲ" ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಇವತ್ತು ಕನ್ನಡಕ ಹಾಕಿಕೊಂಡು, ಲೈಸೆನ್ಸಿನ ಸೀಲಿನ ಮೇಲೆ ಹೆಬ್ಬೆರಳು ಸವರಿ ನೋಡಿ, ನನ್ನೆದುರು ಕುರ್ಚಿ ಎಳೆದುಕೊಂಡು ಕೂತರು.

"ಶುರು ಮಾಡು."

ನನ್ನ ಮೊದಲ ಪೇಷೆಂಟ್. ಬಾಯಿ ತೆರೆದರೆ ನನಗೇ ಮಾತು ಹೊರಡಲಿಲ್ಲ.

ಮಾವ ತೊದಲುತ್ತಲೇ ಸಮಾಧಾನ ಮಾಡಿದರು: "ನಿಧಾನಕ್ಕೆ ಹೇಳಮ್ಮ. ಆತುರ ಏನಿಲ್ಲ."

ಪೇಷೆಂಟಿಗೆ ಹೀಗೆ ಹೇಳಬೇಕು ಎಂದು ಕಲಿಯಲು ನಾನು ಇಂಗ್ಲೆಂಡಿಗೆ ಹೋಗಿದ್ದೆ.